ಅವನ ದನಿಯಲ್ಲಿ ಮಾಡಿದ ಫೋನು

ಆ ಫೋನ್ ಮಾಡಿದ್ದು ನಾನೇ. ಗೆಳೆಯ ಸ್ನಾನಕ್ಕೆ ಹೋಗಿದ್ದಾಗ, ಅವನದೇ ಫೋನಿನಿಂದ, ಅವನದೇ ದನಿಯಲ್ಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಒಳ್ಳೆಯವನ ಹಾಗೆ ನಟಿಸೋ ಕಷ್ಟ ತಪ್ಪುತ್ತೆ.

ನಾವಿಬ್ಬರೂ ಸೆಮಿನರಿಯಲ್ಲಿ ಪಾದ್ರಿ ಆಗೋಕೆ ಓದುತ್ತಿದ್ದವರು, ಒಂದೇ ರೂಮು. ಸಾಮಾಜಿಕ ನ್ಯಾಯದ ಸೇವೆ ಅಂತ ಪ್ರತಿ ಶನಿವಾರ ನಮ್ಮನ್ನು ಕಗ್ಗದಾಸಪುರಕ್ಕೆ ಕಳಿಸುತ್ತಿದ್ದರು. ಅಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಗಳಲ್ಲಿ ರಾಯಚೂರು, ಯಾದಗಿರಿ ಕಡೆಯ ಸಂಸಾರಗಳು. ಹೆಂಗಸರು ಎದುರಿನ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ ಮಾಡುತ್ತಿದ್ದರು. ಬೆಳಿಗ್ಗೆ ಆರಕ್ಕೆ ಗೇಟು ಹೊಕ್ಕರೆ ಮಧ್ಯಾಹ್ನ ಮೂರರವರೆಗೆ ಮನೆಮನೆಯ ಟಾಯ್ಲೆಟ್ ತೊಳೀಬೇಕು, ತಾವು ಮಾತ್ರ ಅಲ್ಲಿ ಒಂದಕ್ಕೂ ಹೋಗೋ ಹಾಗಿಲ್ಲ. ಅವರಿಗೊಂದು ಟಾಯ್ಲೆಟ್ ಬಿಡಿಸಿಕೊಡೋದೇ ನಮ್ಮ ಓಡಾಟ.

ಗೆಳೆಯ ಬೀದರ್ ಕಡೆಯವನು, ಅವರ ಮಾತು ಅವನ ನಾಲಿಗೆಯಲ್ಲೇ ಇತ್ತು. ನಾನು ಇದೇ ಊರಿನ ಲಿಂಗರಾಜಪುರದವನು. ಪ್ರಿನ್ಸಿಪಾಲರು ಕೆಮ್ಮೋದು, ಮೆಸ್ಸಿನ ಅಡುಗೆಯವರು ತಮಿಳಲ್ಲಿ ಬೈಯೋದು, ಪ್ರಾರ್ಥನೆ ಬಂದ ಕೂಡಲೇ ನಾನೇ ಗಂಟಲು ದಪ್ಪ ಮಾಡಿಕೊಳ್ಳೋದು, ಎಲ್ಲ ಮಾಡಿ ತೋರಿಸುತ್ತಿದ್ದೆ. ಹೆಂಗಸರು ಬಿದ್ದು ಬಿದ್ದು ನಗೋರು. ನಕ್ಕು ಮುಗಿದ ಮೇಲೆ ಕಷ್ಟ ಹೇಳಿಕೊಳ್ಳೋಕೆ ಅವನ ಕಡೆ ತಿರುಗೋರು. ನನಗೆ ಪಕ್ಕದ ಮನೆಯಿಂದ ಕುರ್ಚಿ ತಂದು ಹಾಕೋರು. ಅವನಿಗೆ ನೆಲ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ಕುರ್ಚಿ ಸಿಕ್ಕಿಯೂ ನೆಲಕ್ಕೆ ಹೊಟ್ಟೆ ಉರಿದುಕೊಂಡವನು ನಾನೊಬ್ಬನೇ ಇರಬೇಕು.

ಸೋಮವಾರ ಕ್ಲಾಸಿನಲ್ಲಿ ಮೇಷ್ಟ್ರು, "ಜನರ ಜೊತೆ ಇರೋದು ಅಂದ್ರೆ ಇದು, ನೋಡ್ರಪ್ಪಾ" ಅಂತ ಅವನನ್ನೇ ತೋರಿಸೋರು.

"ಮಗಾ, ನಿನಗೊಂದು ಗುಡಿ ಕಟ್ಸೋದು ಬಾಕಿ" ಅಂತ ಚುಚ್ಚಿದರೆ, "ಕಟ್ಟಸು ಮಾರಾಯಾ, ಗಂಟಿ ನೀನ ಬಾರಸು" ಅಂತ ನಗೋನು. ತಮಾಷೆಯಲ್ಲೂ ಅವನೇ ಗೆದ್ದ.

ಕಡೆಗೂ ಅಪಾರ್ಟ್‌ಮೆಂಟ್ ಸಂಘದವರು ಶನಿವಾರ ನಾಲ್ಕಕ್ಕೆ ಬನ್ನಿ ಅಂದರು. ಹೆಂಗಸರ ಪರವಾಗಿ ಮಾತಾಡೋಕೆ ಎಲ್ಲರೂ ಆರಿಸಿದ್ದು ಅವನನ್ನ. ನಾನು ಅವರಲ್ಲಿ ಹಿರಿಯಕ್ಕನಿಗೆ ಫೋನ್ ಹಚ್ಚಿದೆ: "ಅಕ್ಕಾರ, ಮೀಟಿಂಗ್ ಐದಕ್ಕ ಆಗೇದ್ರಿ. ಎಲ್ಲಾರಿಗೂ ಹೇಳಿಬಿಡ್ರಿ."

ಅವನೊಬ್ಬನೇ ಅಲ್ಲಿ ಪೆಚ್ಚಾಗಿ ನಿಂತಿರಲಿ, ಐದಕ್ಕೆ ನಾನು ಎಲ್ಲರನ್ನೂ ಮೆರವಣಿಗೆಯಲ್ಲಿ ಕರೆತರೋಣ ಅನ್ನೋದು ನನ್ನ ಪ್ಲಾನು. "ನೀನು ಮುಂದೆ ಹೋಗಿರು, ಅವರನ್ನ ನಾನು ಕರ್ಕೊಂಡು ಬರ್ತೀನಿ" ಅಂತ ಅವನನ್ನ ಕಳಿಸಿದೆ.

ಸಂಘದವರು ನಾಲ್ಕೂವರೆವರೆಗೆ ಕಾದರಂತೆ. "ಬೇಕಾದವರೇ ಬಂದಿಲ್ಲ, ನಿಮಗ್ಯಾಕ್ರೀ ಅವಸರ?" ಅಂತ ಗೆಳೆಯನಿಗೆ ಹೇಳಿ ಎದ್ದು ಹೋದರಂತೆ. ಐದಕ್ಕೆ ನಾವು ಹೋದಾಗ ಸಂಘದ ಕೋಣೆಗೆ ಬೀಗ.

"ನೀವ ಐದಕ್ಕ ಅಂದ್ರಲ್ರೀ?" ಅಂತ ಅಕ್ಕ ಅವನನ್ನ ಕೇಳಿದರು. ಅವನು ನನ್ನ ಮುಖ ನೋಡಿದ. ಬೈಯಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರೀತು.

ಒಪ್ಪಿಕೊಂಡೆ. "ತಪ್ಪಾಯ್ತು ಅಕ್ಕಾ. ಇನ್ನೊಂದು ಮೀಟಿಂಗ್ ಕರೆಸ್ತೀನಿ. ನಿಮ್ಮ ಬಾಯಾಗಿ ನಾನೇ ಮಾತಾಡ್ತೀನಿ, ಇವನಿಗಿಂತ ಚೆನ್ನಾಗಿ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮಿಬ್ಬರನ್ನೂ ನೋಡಿದರು.

"ಬಾಯಿ ನಮಗೂ ಅದಾವ್ರಿ. ನಮಗ ಬೇಕಾಗಿದ್ದು ಸಂಡಾಸ."