ಬಿಳೇದು

ಜಾಜಿಕಾಯಿ ತೇಯುವ ವಾಸನೆ ಬಂದರೆ ನನಗೆ ಈಗಲೂ ನಿದ್ದೆ ಹಾರಿಹೋಗುತ್ತದೆ. ಮೊನ್ನೆ ಮೊಮ್ಮಗನ ಹೆಂಡತಿ, ಕೂಸಿಗೆ ನಿದ್ದೆ ಬರಲಿ ಅಂತ ಸಾಣೆಕಲ್ಲಿನ ಮೇಲೆ ನಾಲ್ಕು ಸುತ್ತು ತೇಯ್ದಳು. ಆ ಸಿಹಿ, ಆ ಖಾರ, ಹಳೆ ಕಟ್ಟಿಗೆಯಂಥ ಆ ಘಾಟು ಮೂಗಿಗೆ ಬಡಿದದ್ದೇ ಕಂಪ್ಲಿಯ ನಮ್ಮ ಮನೆ ಎದುರಿಗೆ ಬಂದು ನಿಂತಿತು. ಮಣ್ಣಿನ ಮಾಳಿಗೆ, ಬೆಳಕಿಂಡಿಯಿಂದ ಪಡಸಾಲೆಗೆ ಇಳಿಯುವ ಬಿಸಿಲಿನ ಕೋಲು, ಗೋಡೆಗೆ ಒಟ್ಟಿದ ಭತ್ತದ ಚೀಲಗಳ ಧೂಳು, ಹಿತ್ತಲ ಹಿಂದೆ ಯಾವಾಗಲೂ ಗೊಣಗುತ್ತಿದ್ದ ಕಾಲುವೆ. ನಿಮ್ಮದೂ ಒಂದು ಮನೆ ಹೀಗೆ ಹೋಗಿರಬೇಕು. ಹೋದ ಮನೆಗಳೆಲ್ಲ ಒಳ್ಳೆಯ ಮನೆಗಳು ಅನ್ನುವವರಿದ್ದಾರೆ. ಅನ್ನಲಿ. ನನಗೆ ಆ ಮನೆ ಬೇಕು ಅನ್ನಿಸುತ್ತದೆ, ಅದರ ಹೊಸ್ತಿಲು ನೆನೆದರೆ ಹೆದರಿಕೆಯೂ ಆಗುತ್ತದೆ.

ಅದು ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಊರೆಲ್ಲ ದೀಪ ಬೇಗ ಆರಿಸಿ ಮಲಗುತ್ತಿತ್ತು. ನಮ್ಮ ಮನೆಯಲ್ಲಿ ಅಜ್ಜಿ, ಅಂದರೆ ನಮ್ಮ ಅಪ್ಪನ ತಾಯಿ, ಒಬ್ಬಳು ಮಲಗುತ್ತಿರಲಿಲ್ಲ. ಬೇನೆ ಇಲ್ಲ, ಜ್ವರ ಇಲ್ಲ, ನಿದ್ದೆ ಮಾತ್ರ ಅವಳನ್ನು ಬಿಟ್ಟು ಹೋಗಿತ್ತು. ಕಣ್ಣುಗಳು ಒಣಗಿದ ಬಾವಿಯ ಹಾಗೆ ಒಳಗೆ ಹೋಗಿದ್ದವು. ಕತ್ತಲಲ್ಲಿ ಕೂತು ಯಾರು ಕೆಮ್ಮಿದರು, ಯಾರು ಅತ್ತರು, ಯಾವ ಬಾಗಿಲು ಕಿರ್‍ರೆಂದಿತು ಎಲ್ಲ ಕೇಳಿಸಿಕೊಂಡು ಬೆಳಗ್ಗೆ ಎಲ್ಲರ ಎದುರು ಒದರುತ್ತಿದ್ದಳು. ಸೊಸೆಯಂದಿರು ಮಗ್ಗುಲು ಬದಲಿಸಲೂ ಅಂಜುತ್ತಿದ್ದರು. ಒಂದೊಂದು ದಿನ ರೊಟ್ಟಿ ಮುರಿಯುತ್ತಾ ಕೈ ನಿಲ್ಲಿಸಿ ಹೇಳುವಳು: "ಯಾರೋ ಮನಿ ಬಿಟ್ಟು ಹೊಂಟಾರ. ಹೆಜ್ಜಿ ಸಪ್ಪಳ ಹೊಸ್ತಿಲತನ ಕೇಳತೈತಿ. ಮುಂದ ಕೇಳಂಗಿಲ್ಲ." ಎಲ್ಲರೂ ತಿರುಗಿ ಹೊಸ್ತಿಲ ಕಡೆ ನೋಡುತ್ತಿದ್ದೆವು.

ಅವಳ ಚಾಕರಿ ಮಾಡುತ್ತಿದ್ದವಳು ನೀಲವ್ವ ಚಿಗವ್ವ, ನಮ್ಮ ಅಪ್ಪನ ತಮ್ಮನ ಹೆಂಡತಿ. ಮೆಟ್ರಿ ಅನ್ನುವ ಹಳ್ಳಿಯವಳು, ಇನ್ನೂ ಸಣ್ಣ ವಯಸ್ಸು, ಮಕ್ಕಳಾಗಿರಲಿಲ್ಲ. ಅಂಗಾಲಿಗೆ ಹರಳೆಣ್ಣೆ ತಿಕ್ಕಿದಳು. ನೆತ್ತಿಗೆ ಎಮ್ಮೆಯ ಬೆಣ್ಣೆ ತಟ್ಟಿದಳು. ಗಸಗಸೆ ಅರೆದು ಬೆಲ್ಲ ಹಾಕಿ ಪಾಯಸ ಕುದಿಸಿದಳು, ಅದರ ವಾಸನೆಗೇ ನಾವು ಹುಡುಗರು ತೂಕಡಿಸುತ್ತಿದ್ದೆವು, ಅಜ್ಜಿ ಬಟ್ಟಲು ನೆಕ್ಕಿ ಕಣ್ಣು ಪಿಳುಕಿಸುತ್ತಾ ಕೂತಿರುತ್ತಿದ್ದಳು. ಕಡೆಗೆ ಹಾಲಿನಲ್ಲಿ ಜಾಜಿಕಾಯಿ ತೇಯ್ದು ಕುಡಿಸುವುದು ನಿತ್ಯದ ಕೆಲಸವಾಯಿತು. ಉಪಕಾರ ಎಂಬುದು ಅಜ್ಜಿಯ ಬಾಯಲ್ಲಿ ಇರಲಿಲ್ಲ. "ನನ್ನ ಕಾಲಿಗೆ ತಿಕ್ಕೋ ಎಣ್ಣಿ ಎಮ್ಮಿಗೆ ತಿಕ್ಕಿದ್ರ ಇನ್ನೊಂದು ಚರಿಗಿ ಹಿಂಡತಿತ್ತು" ಅನ್ನುವಳು. ಚಿಗವ್ವ ಸೆರಗು ಬಾಯಿಗೆ ಒತ್ತಿ ನಗುವಳು. ಆ ನಗು ನನಗೆ ಭಾಳ ಸೇರುತ್ತಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಚಿಗಪ್ಪನ ಹೆಸರು ಹಾಲಪ್ಪ. ಗಂಡನ ಹೆಸರು ಹೆಂಡತಿ ಹಿಡಿಯಬಾರದು, ಆ ಹೆಸರು ಕೂಡಿದ ಮಾತನ್ನೂ ಆಡಬಾರದು. ನಮ್ಮ ಅಪ್ಪ ಮಲ್ಲಪ್ಪ, ಅದಕ್ಕೆ ಅವ್ವ ಮಲ್ಲಿಗೆಗೆ ವಾಸನಿ ಹೂವು ಅನ್ನುತ್ತಿದ್ದಳು. ಚಿಗವ್ವನಿಗೆ ಹಾಲು ಅನ್ನುವಂತಿಲ್ಲ. ಅವಳು ಹಾಲಿಗೆ ಇಟ್ಟ ಹೆಸರು ಬಿಳೇದು. ಬಿಳೇದು ಉಕ್ಕತು, ಬಿಳೇದು ಒಡೀತು, ಕೂಸಿಗೆ ಬಿಳೇದು ಹಾಕ್ರಿ. ಓಣಿಯ ಹೆಂಗಸರು ಬೇಕಂತಲೇ ಕೇಳುವರು, "ನೀಲವ್ವ, ನಿಮ್ಮೆಮ್ಮಿ ಏನು ಕೊಡತೈತವ್ವ?" ಅವಳು ತಲೆ ಬಗ್ಗಿಸಿ "ಬಿಳೇದು ಕೊಡತೈತ್ರಿ" ಅಂದರೆ, "ಹೌದಾ? ಹಂಗಾರ ನಮ್ಮ ಗ್ವಾಡಿಗೂ ಒಂದಿಷ್ಟು ಬಳೀರಿ" ಎಂದು ನಗುವರು. ದಿನ ಹೋದಂತೆ ನಮ್ಮ ಮನೆಯ ಗಂಡಸರು, ಮಕ್ಕಳು ಎಲ್ಲರೂ ಹಾಗೇ ಅನ್ನತೊಡಗಿದೆವು. ಅಪ್ಪನೇ ಊಟಕ್ಕೆ ಕೂತು "ಬಿಳೇದು ತಗೊಂಬಾ" ಅನ್ನುತ್ತಿದ್ದ.

ಹೊಸಪೇಟೆಗೆ ಭತ್ತ ಹೇರಿಕೊಂಡು ಹೋದ ಚಿಗಪ್ಪ ಅಲ್ಲಿಯ ಒಬ್ಬ ಡಾಕ್ಟರನ್ನು ಕಂಡು ನಿದ್ದೆಗುಳಿಗೆ ತಂದ. ಸಣ್ಣ ಸೀಸೆ, ಒಳಗೆ ಸುಣ್ಣದ ಚೂರಿನಂಥ ಗುಳಿಗೆಗಳು. ಅಲ್ಲಾಡಿಸಿದರೆ ಹಲ್ಲು ಕಟಕಟ ಅಂದಂತಾಗುತ್ತಿತ್ತು. ನಮ್ಮನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ. ರಾತ್ರಿಗೆ ಒಂದೇ, ಹೆಚ್ಚಾದರೆ ಮನುಷ್ಯ ಏಳುವುದಿಲ್ಲ ಅಂತ ಡಾಕ್ಟರು ಹೇಳಿದ್ದನ್ನು ಅವನು ಚಿಗವ್ವನಿಗೆ ಹೇಳಿದ. ಅವಳು ಒಂದು ಗುಳಿಗೆ ಕೊಟ್ಟು, ಮೇಲೆ ಜಾಜಿಕಾಯಿ ಹಾಲು ಕುಡಿಸುವಳು. ಅಜ್ಜಿ ಹೊರಳಾಡಿದರೆ ಇನ್ನೊಂದು ಬಟ್ಟಲು ಹಾಲು. ಇದನ್ನು ಮನೆಯ ಎಲ್ಲರೂ ನೋಡಿದ್ದರು.

ಸುಗ್ಗಿಯ ಹೊತ್ತಿಗೆ ಚಿಗವ್ವನ ತಾಯಿಗೆ ಮೈಯಲ್ಲಿ ನೆಟ್ಟಗಿಲ್ಲ ಅಂತ ಮೆಟ್ರಿಯಿಂದ ಗಾಡಿ ಬಂತು. ಅಜ್ಜಿಯನ್ನು ನೋಡಿಕೊಳ್ಳಲು ಅಪ್ಪನ ಅಕ್ಕ ಸಂಡೂರಿನಿಂದ ಬಂದಿದ್ದಳು. ನಾವು ಅವಳಿಗೆ ಸಂಡೂರತ್ತೆ ಅನ್ನುತ್ತಿದ್ದೆವು. ಮದುವೆಯಾಗಿ ಹೋದ ಮೇಲೆ ತವರಿನಲ್ಲಿ ನಾಲ್ಕು ದಿನ ನಿಂತವಳಲ್ಲ. ಚಿಗವ್ವ ಗಾಡಿಯ ಮೇಲೆ ಒಂದು ಕಾಲಿಟ್ಟು ಹೇಳಿದಳು, "ಅಕ್ಕಾರ, ಒಂದು ಗುಳಿಗಿ ಕೊಡ್ರಿ. ಅದಕ್ಕೂ ನಿದ್ದಿ ಹತ್ತಲಿಲ್ಲಂದ್ರ ಬಿಳೇದು ಮತ್ತ ಕೊಡ್ರಿ. ಅಂಜಬ್ಯಾಡ್ರಿ, ಎಷ್ಟು ಕೊಟ್ರೂ ಏನಾಗಂಗಿಲ್ಲ." ಅವ್ವ ಪಕ್ಕದಲ್ಲೇ ಅಕ್ಕಿ ಕೇರುತ್ತಿದ್ದಳು. ಅವಳ ಕಿವಿಗೆ ಹಾಲು ಅಂತಲೇ ಕೇಳಿಸಿತು, ಮೊರದಿಂದ ತಲೆ ಎತ್ತಲಿಲ್ಲ. ಗಾಡಿ ಹೋಯಿತು. ಚಿಗಪ್ಪನೂ ಜೊತೆಗೆ ಹೋದ.

ಮರುದಿನ ಬೆಳಕು ಹರಿದಾಗ ಅಜ್ಜಿ ಮಲಗಿದ್ದಳು. ಬಾಯಿ ತುಸು ತೆರೆದಿತ್ತು, ಗೊರಕೆ ಎಲ್ಲಿಂದಲೋ ಬರುವಂತೆ ಬರುತ್ತಿತ್ತು. ಮನೆಗೆ ಹಬ್ಬ ಬಂದಂತಾಯಿತು. ಸಂಡೂರತ್ತೆ ತುಟಿಗೆ ಬೆರಳಿಟ್ಟು, "ನನ್ನ ಕೈಗುಣ ನೋಡ್ರಿ, ಮಗಳು ಕೊಟ್ರ ಹತ್ತತೈತಿ" ಅಂದಳು. ಅವ್ವ ಭತ್ತ ಕುಟ್ಟುವವರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದಳು. ಕರು ಅರಚಬಾರದು ಅಂತ ತಾಯಿಯ ಹತ್ತಿರ ಬಿಟ್ಟರು. ಹಿಂಡುವ ಎಮ್ಮೆಯನ್ನು ಅಂದು ಹಿಂಡಲಿಲ್ಲ. ಅಪ್ಪ ಕೆರ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹೊರಗೆ ಹೋದ. ನಮ್ಮನ್ನು ಕಾಲುವೆ ದಂಡೆಗೆ ಅಟ್ಟಿದರು. ಅಷ್ಟು ಮೆತ್ತಗೆ, ಅಷ್ಟು ಪ್ರೀತಿಯಿಂದ ಆ ಮನೆ ಎಂದೂ ಇದ್ದಿಲ್ಲ. ಬಿಸಿಲಿನ ಕೋಲು ಪಡಸಾಲೆ ದಾಟಿ ಅಜ್ಜಿಯ ಮುಖಕ್ಕೆ ಬಂದಾಗ ಅವಳು ಮುಖ ತಿರುಗಿಸಲಿಲ್ಲ. ಒಂದು ನೊಣ ತುಟಿಯ ಮೇಲೆ ಕೂತಿತು. ಅವ್ವ ಅದನ್ನು ಓಡಿಸಲು ಬಗ್ಗಿದಳು, ಹಾಗೇ ನಿಂತಳು. ಗೊರಕೆ ಯಾವಾಗ ನಿಂತಿತ್ತೋ ಯಾರಿಗೂ ತಿಳಿಯದು. ಸದ್ದಾಗಬಾರದು ಅಂತ ನಾವೆಲ್ಲ ದೂರ ಇದ್ದೆವು.

ಸೀಸೆ ಬರಿದಾಗಿತ್ತು. ಅಜ್ಜಿಗೆ ವಯಸ್ಸಾಗಿತ್ತು ಎಂದು ಊರವರಿಗೆ ಹೇಳಿ ಮಣ್ಣು ಕೊಟ್ಟು ಬಂದರು. ಮಣ್ಣಿಗೆ ಮೊದಲೇ ಚಿಗವ್ವ ಅಳುತ್ತಾ ಚಿಗಪ್ಪನ ಜೊತೆ ಮೆಟ್ರಿಯ ಗಾಡಿಯಲ್ಲಿ ಬಂದಿದ್ದಳು. ಅಂದು ಸಂಜೆ ಮುಂಬಾಗಿಲು ಹಾಕಿ ಎಲ್ಲರೂ ಪಡಸಾಲೆಯಲ್ಲಿ ಕೂತರು. ಸಂಡೂರತ್ತೆ ನಡುಗುತ್ತಿದ್ದಳು. "ಆಕಿನಽ ಹೇಳಿದ್ಲು. ಬಿಳೇದು ಮತ್ತ ಕೊಡು, ಎಷ್ಟು ಕೊಟ್ರೂ ಏನಾಗಂಗಿಲ್ಲ ಅಂದ್ಲು. ನಾ ನಿದ್ದಿ ಹತ್ತೋತನ ಕೊಟ್ಟೆ." ಅಪ್ಪ ನೆಲ ನೋಡುತ್ತಾ ಚಿಗವ್ವನನ್ನು ಕೇಳಿದ, "ಏನು ಕೊಡು ಅಂದಿದ್ದೀಯವ್ವ? ಬಾಯಿ ಬಿಟ್ಟು ಹೇಳು."

ಚಿಗವ್ವ ಒಬ್ಬೊಬ್ಬರ ಮುಖ ನೋಡಿದಳು. ಎಲ್ಲರಿಗೂ ಗೊತ್ತಿದ್ದ ಮಾತು ಅದು. ಅಪ್ಪನಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ಕಂಬಕ್ಕೆ ಒರಗಿದ್ದ ಚಿಗಪ್ಪನಿಗೆ ಗೊತ್ತಿತ್ತು. ಒಬ್ಬರು ಅಂದಿದ್ದರೆ ಸಾಕಿತ್ತು. ಆದರೆ ಹಾಗಂದರೆ ಮಗಳೇ ತಾಯಿಯನ್ನು ಕೊಂದ ಹಾಗಾಗುತ್ತದೆ. ಸೊಸೆ ಅತ್ತೆಯನ್ನು ಕೊಂದಳು ಅನ್ನುವುದು ಎಲ್ಲರ ಬಾಯಿಗೂ ಸಲೀಸು. ಮಕ್ಕಳನ್ನು ಕೇಳುವ ಮನೆ ಅದಲ್ಲ. ಅವಳು ನೆಲುವಿನಲ್ಲಿ ತೂಗುತ್ತಿದ್ದ ಹಾಲಿನ ಗಡಿಗೆಯ ಕಡೆ ಕೈ ಮಾಡಿದಳು. "ಬಿಳೇದ್ರಿ... ಅದು."

"ಗುಳಿಗೀನೂ ಬಿಳೇದಽ ಐತಿ" ಅಂದಳು ಅತ್ತೆ.

ಆಗ ಚಿಗವ್ವ ತಲೆಯ ಮೇಲಿನ ಸೆರಗು ಸರಿದದ್ದನ್ನೂ ನೋಡದೆ ಕೂಗಿದಳು, "ಹಾಲು! ಹಾಲು ಕೊಡ್ರಿ ಅಂದಿದ್ದೆ, ಹಾಲು!"

ಸಂಡೂರತ್ತೆಯ ನಡುಕ ನಿಂತಿತು. "ನೋಡಿದ್ರಾ? ಎಲ್ಲಾರ ಮುಂದ ಗಂಡನ ಹೆಸರು ಹಿಡಿದು ಒದರೋಳು, ಅತ್ತೀನ್ನ ಬಿಟ್ಟಾಳೇನು?" ಚಿಗಪ್ಪ ಎದ್ದು ಎತ್ತಿಗೆ ನೀರು ಕುಡಿಸಲು ಹೋದ. ಎತ್ತುಗಳಿಗೆ ಆಗಲೇ ನೀರಾಗಿತ್ತು.

ಮೆಟ್ರಿಯ ಗಾಡಿ ಇನ್ನೂ ಅಂಗಳದಲ್ಲೇ ಇತ್ತು. ಅದರಲ್ಲೇ ಅವಳನ್ನು ಕಳಿಸಿದರು. ಮತ್ತೆ ಕರೆಸಲಿಲ್ಲ. ಮರುವರ್ಷ ಚಿಗಪ್ಪನಿಗೆ ಇನ್ನೊಂದು ಮದುವೆ ಮಾಡಿದರು. ಹೊಸ ಹುಡುಗಿ ಬಂದ ಮೊದಲ ಬೆಳಗು ಎಮ್ಮೆ ಹಿಂಡಿದ ಚರಿಗೆ ಹಿಡಿದು ಅಡುಗೆಮನೆಗೆ ಬಂದು, ಏನನ್ನಬೇಕೆಂದು ತಿಳಿಯದೆ, "ಅಕ್ಕಾ, ಇದನ್ನ..." ಎಂದು ನಿಂತಳು. ಅವ್ವ ಒಲೆಯಿಂದ ಮುಖ ತಿರುಗಿಸಲಿಲ್ಲ. "ಹಾಲು ಅನ್ನು ತಂಗಿ. ಈ ಮನ್ಯಾಗ ಹಾಲಿಗೆ ಹಾಲು ಅಂತಲೇ ಅನ್ನಬೇಕು. ಬ್ಯಾರೆ ಹೆಸರು ಬ್ಯಾಡ."

"ಅವರ ಹೆಸರಲ್ಲೇನಕ್ಕಾ?"

"ಅನ್ನು."

"ಹಾಲು" ಅಂದಳು ಹುಡುಗಿ, ಕಿವಿತನಕ ಕೆಂಪಾಗಿ. ಪಡಸಾಲೆಯಲ್ಲಿ ಅಪ್ಪನೂ ಚಿಗಪ್ಪನೂ ಕೂತಿದ್ದರು. ಕೇಳಿಸಿತು. ಇಬ್ಬರೂ ತಪ್ಪು ಹಿಡಿಯಲಿಲ್ಲ. ಆ ಹೊತ್ತಿಗೆ ನೀಲವ್ವ ಮೆಟ್ರಿಯಲ್ಲಿ ಅಣ್ಣನ ಗದ್ದೆಯ ಕೆಸರಿನಲ್ಲಿ ಸಸಿ ನೆಡುತ್ತಿದ್ದಿರಬೇಕು. ಅವಳಿಗೆ ಈ ಮಾತು ಮುಟ್ಟಿಸಲು ಯಾರೂ ಹೋಗಲಿಲ್ಲ. ಈಗ ಹೋಗುತ್ತೇನೆ ಅಂದರೆ ಅವಳಿಲ್ಲ.