ಹೆಬ್ಬಾಳದ ದಿಣ್ಣೆ ಯಾರ ಪಾಲಿಗೆ

ಎಂಬತ್ತರ ದಶಕದ ಮೊದಲಲ್ಲಿ ಬ್ಯಾಟರಾಯನಪುರದ ನಮ್ಮ ಮನೆಯಲ್ಲಿದ್ದದ್ದು ಒಂದೇ ಲೇಡೀಸ್ ಸೈಕಲ್. ಆರ್.ಟಿ. ನಗರದ ಕಡೆ ಅಕ್ಕನಿಗೆ ಟೈಪಿಂಗ್ ಕ್ಲಾಸು, ನನಗೆ ಪಿಯುಸಿ. ಒಬ್ಬಳು ತುಳಿದರೆ ಇನ್ನೊಬ್ಬಳು ಕ್ಯಾರಿಯರ್ ಮೇಲೆ. ನಡುದಾರಿಯ ಹೆಬ್ಬಾಳ ಕೆರೆಯ ಬಳಿ ಅದಲುಬದಲು. ಫ್ಲೈಓವರ್ ಇಲ್ಲದ ಆ ಕಾಲದಲ್ಲಿ ರಸ್ತೆ ಎರಡು ಕಡೆಯಿಂದಲೂ ಕೆರೆಯತ್ತ ಇಳಿಯುತ್ತಿತ್ತು. ನಿಯಮ ನನ್ನದೇ: ಹೋಗುವಾಗಲೂ ಬರುವಾಗಲೂ ಹೊರಡಿಸುವವಳು ನಾನು, ತಲುಪಿಸುವವಳು ಅಕ್ಕ. ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದಿದ್ದ ನನ್ನೊಂದಿಗೆ ವಾದಕ್ಕಿಳಿಯಲು ಅವಳಿಗೆ ಪುರುಸೊತ್ತಿರಲಿಲ್ಲ. ಟೈಪಿಂಗ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು. ಇನ್ನೊಮ್ಮೆ ಹಾಗಾದರೆ ಕೆಲಸದ ಮಾತು ಬಿಟ್ಟು ಗಂಡು ನೋಡೋಣ ಎಂದಿದ್ದರು ಅಪ್ಪ.

"ಟೈಪ್ ಮಾಡೋಕೆ ಕೂತ್ರೆ ಬೆರಳು ನಡುಗ್ತವೆ ಕಣೇ," ಎಂದಳು ಒಂದು ಸಂಜೆ. "ದಿಣ್ಣೆ ಬಂದಾಗೆಲ್ಲ ಹ್ಯಾಂಡಲ್ ನನ್ ಕೈಲೇ ಇರುತ್ತೆ."

"ಅರ್ಧ ದಾರಿ ನಂದು, ಅರ್ಧ ನಿಂದು. ಬೇಕಿದ್ರೆ ಅಳೆದು ನೋಡ್ಕೊ."

"ನಿನ್ ಬಾಯಿಗೊಂದು ಬ್ರೇಕ್ ಹಾಕಿಸ್ಬೇಕು."

ಆ ವಾರವೇ ನಮ್ಮ ಇಂಗ್ಲಿಷ್ ಮೇಷ್ಟ್ರು 'ಟೇಕ್ ಟರ್ನ್ಸ್' ಅಂದರೇನು ಎಂದು ಕೇಳಿದರು. ಎದ್ದು ನಿಂತು ನಮ್ಮ ಸೈಕಲ್ಲನ್ನೇ ಉದಾಹರಣೆ ಕೊಟ್ಟೆ: ಕೆರೆವರೆಗೆ ನಾನು, ಅಲ್ಲಿಂದ ಅಕ್ಕ.

"ಬರೋವಾಗ?"

"ಆಗಲೂ ಕೆರೆವರೆಗೆ ನಾನೇ ಸಾರ್."

"ಅಂದ್ರೆ ಎರಡು ಇಳಿಜಾರೂ ನಿಂದೇ! ಇದು ಪಾಲು ಮಾಡ್ಕೊಂಡಿದ್ದಮ್ಮ. ಸರದಿ ಅಂದ್ರೆ, ಇವತ್ತು ಅವರಿಗೆ ಬಂದಿದ್ದು ನಾಳೆ ನಿನಗೂ ಬರ್ಬೇಕು."

ತರಗತಿ ನಕ್ಕಿತು. ನಾನು ಕೂತೆ.

ಅಕ್ಕನ ಟೈಪಿಂಗ್ ಪರೀಕ್ಷೆಯ ದಿನ, "ಇವತ್ತು ಪೂರ್ತಿ ನಾನೇ ತುಳೀತೀನಿ" ಎಂದೆ.

"ದಾನ ಬೇಡ ಕಣೇ. ಮೊದಲರ್ಧ ಕೊಡು, ಸಾಕು."

ಪೆಡಲ್ ಮೇಲೆ ಸುಮ್ಮನೆ ಕಾಲಿಟ್ಟುಕೊಂಡು, ಗಾಳಿಗೆ ಜಡೆ ನನ್ನ ಮುಖಕ್ಕೆ ಬಡಿಯುತ್ತಿದ್ದರೂ ಕೇರ್ ಮಾಡದೆ ಕೆರೆವರೆಗೆ ಹಾರಿಸಿಕೊಂಡು ಹೋದಳು. ಅವಳು ಹಾಗೆ ಕಿಲಕಿಲ ನಕ್ಕದ್ದನ್ನು ಆ ರಸ್ತೆಯಲ್ಲಿ ಅದುವರೆಗೆ ಕೇಳಿರಲಿಲ್ಲ. ಆಮೇಲಿನ ದಿಣ್ಣೆ ನನ್ನದು. ಅರ್ಧ ಹತ್ತುವಷ್ಟರಲ್ಲೇ ಏದುಸಿರು.

"ಏನಾದ್ರೂ ವಾದ ಮಾಡೇ, ದಾರಿ ಸಾಗ್ಲಿ," ಎಂದಳು ಹಿಂದಿನಿಂದ.

ಅಕ್ಕ ಆ ಸಲ ಪಾಸಾದಳು. ಸೈಕಲ್ಲಿನಿಂದಲೇ ಎನ್ನಲು ನನ್ನ ಬಳಿ ಪುರಾವೆಯಿಲ್ಲ. ಊಟವಾದ ಮೇಲೂ ಚಾಪೆಯ ಮೇಲೆ ಬೆರಳಾಡಿಸಿ ಅಭ್ಯಾಸ ಮಾಡುತ್ತಿದ್ದವಳು ಅವಳು. ಆದರೆ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಎರಡೂ ಕೈ ಚಾಚಿ ನನಗೆ ತೋರಿಸಿದ್ದಳು. ಬೆರಳು ನಡುಗುತ್ತಿರಲಿಲ್ಲ. ದಿಣ್ಣೆ ಹತ್ತಿಸಿ ಬಂದಿದ್ದ ನನ್ನ ಬೆರಳುಗಳನ್ನು ನಾನು ದಾವಣಿಯ ಸೆರಗಿನಲ್ಲಿ ಮುಚ್ಚಿಟ್ಟುಕೊಂಡೆ.