ಹುತ್ತ ಎದ್ದ ಕೋಣೆ

ಬಾಳೂರಿನ ನಮ್ಮ ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದವಳು ನಾನು. ಕಾಫಿ, ಮೆಣಸು, ಆಳುಕಾಳು ಎಲ್ಲ ಗಂಡನ ವಿಚಾರ. ಆ ಎರಡು ಕೋಣೆ ಮಾತ್ರ ನನ್ನವು. ಹಾಗಾಗಿ ಒಂದರ ಮಂಚದ ಕೆಳಗೆ ಗುಡಿಸುವಾಗ ಗೆದ್ದಲಿನ ಮಣ್ಣು ಕಂಡು, ಪೊರಕೆ ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದೆ. ಸೀಮೆಎಣ್ಣೆ ಸುರಿದೆ, ಉಪ್ಪುನೀರು ಕಾಯಿಸಿ ಹೊಯ್ದೆ. ಕೆರೆದು ತೆಗೆದಷ್ಟೂ ಮತ್ತೆ ಹಾಜರ್. ಮಳೆಗಾಲದಲ್ಲಿ ಅತಿಥಿಗಳಿಲ್ಲವೆಂದು ಮುಚ್ಚಿಟ್ಟ ಆ ಕೋಣೆಯನ್ನು ತೆರೆದರೆ ಮೂಲೆಯಲ್ಲಿ ಮಂಡಿಯೆತ್ತರದ ಹುತ್ತ!

ಅತ್ತೆಗೆ ಹೇಳಬಾರದಿತ್ತು. ಹೇಳಿಬಿಟ್ಟೆ.

"ನಾಳೆ ಮೂಡಿಗೆರೆಯಿಂದ ಔಷಧಿ ಹೊಡೆಯೋರು ಬರ್ತಾರೆ ಅತ್ತೆ, ಹುತ್ತ ಒಡೆಸ್ತೀನಿ."

ಅವರು ತಲೆಯೆತ್ತದೆ ಬತ್ತಿ ಹೊಸೆಯುತ್ತಲೇ ಇದ್ದರು. ಅದನ್ನು ಒಪ್ಪಿಗೆ ಎಂದುಕೊಂಡ ನನ್ನ ಬುದ್ಧಿಗೆ ಏನೆನ್ನಲಿ! ಮರುದಿನ ಔಷಧಿಯವನನ್ನು ಕರೆತರಲು ಜೀಪಿನಲ್ಲಿ ಮುಖ್ಯರಸ್ತೆಗೆ ಹೋಗಿ ಬರುವಷ್ಟರಲ್ಲಿ ಹುತ್ತಕ್ಕೆ ಅರಿಶಿನ, ಕುಂಕುಮ, ನೆತ್ತಿಯ ಮೇಲೊಂದು ದಾಸವಾಳ, ಮುಂದೆ ಹಾಲಿನ ಬಟ್ಟಲು. ಅತ್ತೆ ಕೈಮುಗಿದು ನಿಂತಿದ್ದರು.

"ನಾಗಪ್ಪ ತಾನಾಗೇ ಬಂದು ಜಾಗ ಹಿಡಿದಾನೆ. ಒಡೆಯೋದು ಬೇಡ ಮಾರಾಯ್ತಿ."

ಆ ಕೋಣೆಯಲ್ಲಿ ಹಾವು ಕಂಡವರು ಯಾರೂ ಇಲ್ಲ. ನಾನು ಔಷಧಿಯವನ ಮುಖ ನೋಡಿದೆ. ಆತ ಆಗಲೇ ಬೂಟು ಬಿಚ್ಚುತ್ತಿದ್ದ.

"ಪೂಜೆ ಆದ ಹುತ್ತಕ್ಕೆ ನಾನು ಡ್ರಿಲ್ ಹಾಕಲ್ಲಮ್ಮ. ನಂಗೂ ಮಕ್ಳಿದಾರೆ," ಎಂದವನು ಕೈಮುಗಿದು, ನಮ್ಮದೇ ಕಾಫಿ ಕುಡಿದು ಹೊರಟ.

ಗಂಡನಿಗೆ ಹೇಳಿದರೆ, "ಅಮ್ಮ ಹೇಳಿದ್ಮೇಲೆ ಮುಗೀತಲ್ಲ" ಎಂದು ಪೇಪರಿನೊಳಗೆ ಮುಖ ಮುಚ್ಚಿಕೊಂಡರು. ನಾನೇ ಗುದ್ದಲಿ ಹಿಡಿದು ಹೋದೆ. ಕುಂಕುಮ ಕಂಡಿತು, ಶಾಲೆಗೆ ಹೋಗಿದ್ದ ಮಗಳು ನೆನಪಾದಳು. ಕೈ ಏಳಲಿಲ್ಲ. ಅತ್ತೆಯ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚಾಯಿತು.

ದಿನಾ ಇಟ್ಟ ಹಾಲನ್ನು ಬೆಕ್ಕು ಕುಡಿಯಿತು. ಗೆದ್ದಲು ಗೋಡೆ ದಾಟಿ ಪಕ್ಕದಲ್ಲೇ ಇದ್ದ ಅತ್ತೆಯ ಕೋಣೆಗೆ ನುಗ್ಗಿತು. ಒಂದು ಮಧ್ಯಾಹ್ನ ಅವರು ಊಟ ಮುಗಿಸಿ ಮಂಚದ ಮೇಲೆ ಕೂತದ್ದೇ ತಡ, ಅದರ ಕಾಲು ಲಟಕ್ಕನೆ ಮುರಿಯಿತು. ಓಡಿಹೋಗಿ ಎಬ್ಬಿಸಿದೆ. ದೇವರ ದಯೆ, ದೊಡ್ಡ ಪೆಟ್ಟೇನೂ ಆಗಿರಲಿಲ್ಲ. ಸುಳ್ಳೇಕೆ ಹೇಳಲಿ, ಇನ್ನಾದರೂ ನನ್ನ ಕೋಣೆ ನನಗೆ ಸಿಕ್ಕೀತು ಎಂದು ಒಳಗೊಳಗೇ ಖುಷಿಪಟ್ಟೆ.

ಅತ್ತೆ ಸೊಂಟ ಒತ್ತಿಕೊಳ್ಳುತ್ತ ಮಂಚದ ಮುರಿದ ಕಾಲನ್ನು ನೋಡಿದರು.

"ನಾಗಪ್ಪಂಗೆ ಜಾಗ ಸಾಲ್ತಿಲ್ಲ ಕಣೆ. ನನ್ನ ಹಾಸಿಗೆ ನಿನ್ನ ಇನ್ನೊಂದು ರೂಮಿಗೆ ಹಾಕು."

ಹಾಕಿದೆ. ಸಂಜೆ ಯಾರೋ ಫೋನ್ ಮಾಡಿ, ಶನಿವಾರಕ್ಕೆ ರೂಮ್ ಇದೆಯೇ ಎಂದು ಕೇಳಿದರು.

"ಇಲ್ಲ, ಎರಡೂ ಭರ್ತಿ," ಎಂದೆ.